ಕೈಯಾಗಿನ ಮೊಬೈಲು, ಕೈಜಾರುವ ಹೊತ್ತು

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯ ಶಿಕ್ಷಣ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



 ಬೆಳ್ಳಿ ಹಬ್ಬದ ಸಭೆಯೆಂದರೆ ಷೇರು ಬಂಡವಾಳ ಎಷ್ಟಾಯಿತು, ಠೇವಣಿ ಎಷ್ಟು ಬಂತು, ಸಾಲ ವಸೂಲಿ ಹೇಗೆ ನಡೆಯಿತು ಎಂಬ ಮಾತು ಸಹಜ. ಅದನ್ನೆಲ್ಲ ಅಧ್ಯಕ್ಷರು ತಮ್ಮ ವರದಿಯಲ್ಲಿ ಹೇಳುವವರಿದ್ದಾರೆ. ನಾವು ಇಂದು ಹೇಳಬೇಕೆಂದಿರುವುದು ಸಂಘದ ಯಾವ ವಹಿಯಲ್ಲೂ ಬರೆಯದ ಒಂದು ಲುಕ್ಸಾನಿನ ವಿಷಯ. ಅದು ರೊಕ್ಕದ ಲುಕ್ಸಾನಲ್ಲ, ಹೊತ್ತಿನ ಲುಕ್ಸಾನು. ಮೊಬೈಲಿನ ಪರದೆಯ ಮೇಲೆ ಹೆಬ್ಬೆರಳು ಎಳೆಯುತ್ತ ಕುಳಿತು, ಏನು ನೋಡಿದೆವು ಎಂಬುದೂ ನೆನಪಿಲ್ಲದಂತೆ ಕಳೆದುಹೋಗುವ ಹೊತ್ತು.

ಸಹಕಾರ ಸಂಘದ ಸಭೆಯಲ್ಲಿ ಮೊಬೈಲಿನ ಮಾತು ಯಾಕ್ರಿ ಎಂದು ಕೆಲವರು ಕೇಳಬಹುದು. ಕೇಳುವುದು ಬರಾಬರ್ ಅದೆ. ಅದಕ್ಕೆ ಉತ್ತರ ಕೊಡಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ನಮ್ಮ ಹಿರಿಯರ ಕಾಲದಲ್ಲಿ ರೈತನ ಮನೆಯ ಲುಕ್ಸಾನು ಎಲ್ಲಿತ್ತು? ಸಾವ್ಕಾರನ ವಹಿಯಲ್ಲಿತ್ತು. ಬಿತ್ತನೆಗೆ ತಂದ ಸಾಲಕ್ಕೆ ರಾಶಿಯ ಕಾಲಕ್ಕೆ ಬಡ್ಡಿ, ಬಡ್ಡಿಗೆ ಮತ್ತ ಬಡ್ಡಿ. ಒಬ್ಬೊಬ್ಬರೇ ಹೋಗಿ ಕೈಮುಗಿದರೆ ಸಾವ್ಕಾರ ಬಿಡುತ್ತಿರಲಿಲ್ಲ. ಆಗ ಗದಗ ಹತ್ತಿರದ ಕಣಗಿನಹಾಳ ಎಂಬ ಸಣ್ಣ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ನಾಡಿನ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಒಬ್ಬರಿಂದ ಆಗದ ಕೆಲಸವನ್ನು ಹತ್ತು ಮಂದಿ ಕೂಡಿ ಮಾಡಬಹುದೆಂದು ಆ ಹಳ್ಳಿ ತೋರಿಸಿಕೊಟ್ಟಿತು. ಅಷ್ಟು ದೂರ ಯಾಕೆ, ನಮ್ಮ ಬೀದರ ಜಿಲ್ಲೆಯನ್ನೇ ನೋಡಿರಿ. 1990ರ ದಶಕದಲ್ಲಿ ನಮ್ಮ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ಗುರುಪಾದಪ್ಪ ನಾಗಮಾರಪಳ್ಳಿಯವರ ಮುಂದಾಳುತನದಲ್ಲಿ ಸ್ವಸಹಾಯ ಗುಂಪುಗಳ ಕೆಲಸಕ್ಕೆ ಕೈಹಾಕಿತು. ಬ್ಯಾಂಕಿನ ಮೆಟ್ಟಿಲು ಹತ್ತದ ತಾಯಂದಿರು ವಾರಕ್ಕೊಮ್ಮೆ ಒಂದು ಕಡೆ ಕೂಡಿ, ಸಣ್ಣ ಸಣ್ಣ ಉಳಿತಾಯ ಜಮಾ ಮಾಡಿ, ವಹಿಯಲ್ಲಿ ಬರೆಸಿ, ತಮ್ಮೊಳಗೇ ಸಾಲ ಕೊಟ್ಟು ತೆಗೆದುಕೊಳ್ಳಲು ಕಲಿತರು. ಬೇರೆ ಬೇರೆ ಕಡೆಯವರು ಇದನ್ನು ನೋಡಲು ಬೀದರಕ್ಕೆ ಬಂದರು.

ಈ ಎರಡೂ ಕೆಲಸದ ಗುಟ್ಟು ಒಂದೇ. ಸಣ್ಣದಾಗಿ ಸುರು ಮಾಡುವುದು, ತಪ್ಪದೆ ಮಾಡುವುದು, ಕೂಡಿ ಮಾಡುವುದು, ಲೆಕ್ಕ ಇಡುವುದು. ರೊಕ್ಕ ಉಳಿಸಲು ನಾವು ಕಲಿತ ಈ ನಾಲ್ಕು ಪಾಠಗಳನ್ನು ಹೊತ್ತು ಉಳಿಸಲಿಕ್ಕೂ ಹಚ್ಚಬಹುದು ಎಂಬುದೇ ಇಂದಿನ ನಮ್ಮ ಮಾತಿನ ಸಾರ.

ಮೊದಲಿಗೇ ಒಂದು ಮಾತು ಸ್ಪಷ್ಟ ಮಾಡುತ್ತೇವೆ. ಮೊಬೈಲು ನಮ್ಮ ವೈರಿಯಲ್ಲ. ಹೈದರಾಬಾದಕ್ಕೋ ಪುಣೆಗೋ ದುಡಿಯಲು ಹೋದ ಮಗ ದಿನಾ ರಾತ್ರಿ ತಾಯಿಯ ಮುಖ ನೋಡಿ ಮಾತಾಡುವುದು ಮೊಬೈಲಿನಿಂದಲೇ. ಖಾತೆಗೆ ರೊಕ್ಕ ಬಂದದ್ದು ತಿಳಿಯುವುದು, ತೊಗರಿ, ಸೋಯಾ, ಉದ್ದು, ಕಡಲೆಯ ಧಾರಣೆ ಕೇಳುವುದು, ಮಳೆಯ ಮುನ್ಸೂಚನೆ ನೋಡುವುದು, ಕಿರಾಣಿ ಅಂಗಡಿಯಲ್ಲಿ ಬಿಲ್ಲು ಕೊಡುವುದು ಎಲ್ಲ ಅದರಲ್ಲೇ. ಇದನ್ನು ಬಿಡಿರೆಂದು ಯಾರಾದರೂ ಹೇಳಿದರೆ ಅವರಿಗೆ ಹಳ್ಳಿಯ ಕಷ್ಟ ಗೊತ್ತಿಲ್ಲವೆಂದೇ ಅರ್ಥ.

ಹಾಗಾದರೆ ಕೆಲಸಕ್ಕೆ ನೋಡುವುದಕ್ಕೂ ಸುಮ್ಮನೆ ನೋಡುತ್ತ ಕೂಡುವುದಕ್ಕೂ ಫರಕು ಏನು? ಒಂದು ಸರಳ ಪರೀಕ್ಷೆ ಹೇಳುತ್ತೇವೆ. ಕುಡಗೋಲು ತೆಗೆದುಕೊಂಡವರು ಹುಲ್ಲು ಕೊಯ್ದ ಮೇಲೆ ಅದನ್ನು ಕೆಳಗೆ ಇಡುತ್ತಾರೆ. ಕೆಲಸ ಮುಗಿದ ಮೇಲೂ ಕುಡಗೋಲು ಬೀಸುತ್ತ ಓಣಿಯೊಳಗೆ ತಿರುಗುವವರನ್ನು ಕಂಡರೆ, ಇವರಿಗೇನೋ ಆಗಿದೆ ಎಂದು ಮಂದಿ ದೂರ ಸರಿಯುತ್ತಾರೆ. ಮೊಬೈಲಿಗೂ ಇದೇ ಮಾತು. ಯಾವ ಕೆಲಸಕ್ಕೆ ಕೈಗೆ ತೆಗೆದುಕೊಂಡಿರಿ, ಆ ಕೆಲಸ ಮುಗಿದಾಗ ಕೆಳಗೆ ಇಟ್ಟಿರೋ ಇಲ್ಲವೋ? ಧಾರಣೆ ನೋಡಲು ತೆಗೆದವರು ಅರ್ಧ ತಾಸಿನ ನಂತರ ಯಾವುದೋ ದೇಶದ ಬೆಕ್ಕು ಕುಣಿಯುವುದನ್ನು ನೋಡುತ್ತಿದ್ದರೆ, ಉಪಕರಣ ಅವರ ಕೈಯಲ್ಲಿಲ್ಲ, ಅವರೇ ಉಪಕರಣದ ಕೈಯಲ್ಲಿದ್ದಾರೆ.

ಇದಕ್ಕೆ ಮಂದಿಯ ಸೋಮಾರಿತನ ಒಂದೇ ಕಾರಣವೆಂದು ಬೈದರೆ ನ್ಯಾಯವಾಗುವುದಿಲ್ಲ. ಮೊಬೈಲಿನೊಳಗಿನ ಆಟದ ಹಿಂದೆ ಬಹಳ ದೊಡ್ಡ ತಲೆಗಳು ಕೆಲಸ ಮಾಡಿವೆ. ಮೊದಲು ಅಂತರ್ಜಾಲದ ಪುಟಗಳಿಗೆ ಕೊನೆ ಇರುತ್ತಿತ್ತು. ಪುಟ ಮುಗಿದರೆ ಮುಂದಿನ ಪುಟಕ್ಕೆ ಒತ್ತಬೇಕಾಗುತ್ತಿತ್ತು. ಒತ್ತುವ ಆ ಗಳಿಗೆಯಲ್ಲಿ, ಸಾಕು, ಏಳೋಣ ಎಂಬ ವಿಚಾರ ಬರಲು ಎಡೆಯಿತ್ತು. 2006ರಲ್ಲಿ ಅಮೆರಿಕದ ಏಜಾ ರಾಸ್ಕಿನ್ ಎಂಬ ತಂತ್ರಜ್ಞರು ಕೆಳಗೆ ಎಳೆದಷ್ಟೂ ಮುಗಿಯದೆ ಬರುತ್ತಲೇ ಇರುವ ಪುಟದ ವಿಧಾನ ರೂಪಿಸಿದರು. ಮುಂದೆ ಅದರ ಪರಿಣಾಮ ಕಂಡು ಅವರೇ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಊಟಕ್ಕೆ ಕೂತವರ ತಾಟು ಖಾಲಿಯಾಗದಂತೆ ಬಡಿಸುತ್ತಲೇ ಹೋದರೆ ಹೊಟ್ಟೆ ತುಂಬಿದ್ದು ಹೇಗೆ ತಿಳಿಯಬೇಕು?

ಇನ್ನೊಂದು ಸಂಗತಿ. ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡಿದ್ದರು. ಗುಂಡಿ ಕುಕ್ಕಿದರೆ ಕಾಳು ಬೀಳುತ್ತದೆ. ಇಂತಿಷ್ಟು ಸಲ ಕುಕ್ಕಿದರೆ ಕಾಳು ಎಂದು ಗೊತ್ತಿದ್ದಾಗ ಪಾರಿವಾಳ ನಡುನಡುವೆ ದಮ್ಮು ತೆಗೆದುಕೊಳ್ಳುತ್ತಿತ್ತು. ಒಮ್ಮೆ ಬಿದ್ದು, ನಾಲ್ಕು ಸಲ ಬೀಳದೆ, ಮತ್ತೊಮ್ಮೆ ಫಕ್ಕನೆ ಬೀಳುವಂತೆ ಮಾಡಿದಾಗ ಅದು ಬಿಡುವಿಲ್ಲದೆ ಕುಕ್ಕುತ್ತಲೇ ಇತ್ತು. ಇಸ್ಪೀಟಿನ ಕಟ್ಟೆಯ ಮೇಲೆ ಕೂತವರಿಗೆ ಇದು ಹೊಸ ಮಾತಲ್ಲ. ಈ ಸಲ ಬರಲಿಲ್ಲ, ಮುಂದಿನ ಸಲ ಬರಬಹುದು! ಪರದೆ ಎಳೆಯುವ ಹೆಬ್ಬೆರಳೂ ಅದೇ ಆಸೆಯ ಮೇಲೆ ನಡೆಯುತ್ತದೆ. ಹತ್ತು ವಿಡಿಯೊದಲ್ಲಿ ಒಂದು ಚೆಂದ ಇರುತ್ತದೆ, ಆ ಒಂದಕ್ಕಾಗಿ ಒಂಬತ್ತನ್ನು ನೋಡುತ್ತೇವೆ.

ನಮ್ಮ ಹಳ್ಳಿಗಳಿಗೆ ಇದು ಬಂದದ್ದು ಬಹಳ ಹಿಂದಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಮೊದಲಿಗೆ ಪುಕ್ಕಟೆ, ಆಮೇಲೆ ಅಗ್ಗದ ದರದಲ್ಲಿ ಡೇಟಾ ಕೊಟ್ಟಿತು. 2020ರಲ್ಲಿ ಕೊರೋನಾ ಬಂದು ಮಂದಿ ಮನೆಯೊಳಗೆ ಕೂತರು, ಮಕ್ಕಳ ಪಾಠವೂ ಮೊಬೈಲಿಗೆ ಬಂತು. ಅದೇ ವರ್ಷದ ಜೂನ್ ಕೊನೆಗೆ ಸರಕಾರ ಟಿಕ್‌ಟಾಕ್ ಬಂದ್ ಮಾಡಿತು. ಜುಲೈ ತಿಂಗಳಿಗೆ ಇನ್‌ಸ್ಟಾಗ್ರಾಂ ರೀಲ್ಸು, ಸೆಪ್ಟೆಂಬರಿಗೆ ಯೂಟ್ಯೂಬ್ ಶಾರ್ಟ್ಸು ನಮ್ಮ ದೇಶಕ್ಕೆ ಬಂದವು. ಒಂದು ಅಂಗಡಿ ಮುಚ್ಚಿತು, ಎರಡು ತೆರೆದವು. ಇವುಗಳಿಗೆ ನಾವು ರೊಕ್ಕ ಕೊಡುವುದಿಲ್ಲ, ಖರೇ. ಆದರೆ ನಾವು ನೋಡಿದಷ್ಟೂ ಜಾಹೀರಾತು ತೋರಿಸಿ ಅವರು ಗಳಿಸುತ್ತಾರೆ. ಹಳೆಯ ಸಾವ್ಕಾರ ಕಾಳು ಕೊಟ್ಟು ಹೊಲ ಬರೆಸಿಕೊಳ್ಳುತ್ತಿದ್ದ. ಈ ಹೊಸ ಸಾವ್ಕಾರ ನಗೆ ಕೊಟ್ಟು ಹೊತ್ತು ಬರೆಸಿಕೊಳ್ಳುತ್ತಾನೆ.

ನಾವು ಸಂಘದವರು, ಲೆಕ್ಕದ ಮಂದಿ. ಒಂದು ಲೆಕ್ಕ ಹಾಕೋಣ. ದಿನಕ್ಕೆ ಎರಡು ತಾಸು ಹೀಗೆ ಹೋಯಿತೆಂದು ಇಟ್ಟುಕೊಳ್ಳಿರಿ. ವರ್ಷಕ್ಕೆ 730 ತಾಸು. ದಿನಕ್ಕೆ ಎಂಟು ತಾಸಿನ ದುಡಿಮೆಯಂತೆ ಹಿಡಿದರೆ 91 ದಿನ. ಮನೆಯಲ್ಲಿ ನಾಲ್ಕು ಮಂದಿ ಹೀಗೆ ನೋಡಿದರೆ 364 ದಿನ. ಅಂದರೆ ಒಂದು ಆಳು ಯುಗಾದಿಯಿಂದ ಯುಗಾದಿಯವರೆಗೆ ಒಂದು ದಿನವೂ ತಪ್ಪದೆ ದುಡಿದಷ್ಟು ಹೊತ್ತು ಆ ಮನೆಯಿಂದ ಹೊರಗೆ ಹರಿದುಹೋಯಿತು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಹೇಳಿದ್ದು ಹೊತ್ತಿಗೂ ಒಪ್ಪುತ್ತದೆ.

ಈ ಹೊತ್ತು ಹೋಗುವುದು ಎಲ್ಲಿಂದ? ಹೊಲದ ಕೆಲಸದಿಂದ ಹೆಚ್ಚು ಹೋಗುವುದಿಲ್ಲ. ಕಳೆ ಬೆಳೆದರೆ ಕಣ್ಣಿಗೆ ಕಾಣುತ್ತದೆ, ಎಮ್ಮೆ ಹಸಿದರೆ ಕೂಗುತ್ತದೆ. ಕೂಗದೆ ಸುಮ್ಮನಿರುವವರ ಪಾಲಿನಿಂದ ಹೊತ್ತು ಹೋಗುತ್ತದೆ. ಮೂಲೆಯಲ್ಲಿ ಹೊರಸಿನ ಮೇಲೆ ಕೂತ ಮುತ್ಯಾನ ಪಾಲು, ಸಾಲಿಯಲ್ಲಿ ಏನಾಯಿತೆಂದು ಹೇಳಲು ಬಂದ ಮಗುವಿನ ಪಾಲು, ಗಂಡ ಹೆಂಡತಿ ಮನೆಯ ಅಡಚಣೆ ಮಾತಾಡಿಕೊಳ್ಳುವ ಪಾಲು, ಕೊನೆಗೆ ನಮ್ಮ ನಿದ್ದೆಯ ಪಾಲು. ಈಗ ಓಣಿಯಲ್ಲಿ ಹೋಗಿ ನೋಡಿರಿ. ಗುಡಿಯ ಕಟ್ಟೆಯ ಮೇಲೆ ಐದು ಹುಡುಗರು ಕೂತಿರುತ್ತಾರೆ, ಐವರೂ ಬೇರೆ ಬೇರೆ ಊರಿನಲ್ಲಿದ್ದಂತೆ ಇರುತ್ತಾರೆ. ಆಯಿ ಏನೋ ಕೇಳುತ್ತಾಳೆ, ಮೊಮ್ಮಗ ಮುಖ ಎತ್ತದೆ "ಹ್ಞೂಂ ಆಯಿ, ಹ್ಞೂಂ" ಅನ್ನುತ್ತಾನೆ. ಆಯಿಗೆ ಗೊತ್ತಾಗುತ್ತದೆ, ಆತ ಕೇಳಲಿಲ್ಲ ಅಂತ. ಮರುದಿನ ಆಕೆ ಕೇಳುವುದನ್ನೇ ಬಿಡುತ್ತಾಳೆ. ದೊಡ್ಡ ಲುಕ್ಸಾನು ಇದೇ. ಆಕೆಯ ಹತ್ತಿರ ಇರುವ ಪದ, ಮದ್ದು, ಬೀಜದ ಗುಣ, ಬರಗಾಲದ ನೆನಪು ಎಲ್ಲ ಆಕೆಯ ಜೊತೆಗೇ ಹೋಗುತ್ತವೆ.

ಇದನ್ನು ತಿಳಿದವರು ಇಲ್ಲವೆಂದಲ್ಲ. ನಾಳೆಯಿಂದ ನೋಡುವುದಿಲ್ಲ ಎಂದು ಆಣೆ ಮಾಡಿದವರು ನಮ್ಮ ನಡುವೆಯೇ ಬಹಳ ಮಂದಿ ಇದ್ದಾರೆ. ಎರಡು ದಿನ ನಡೆಯುತ್ತದೆ, ಮೂರನೆಯ ದಿನ ಕೈ ತಾನಾಗಿ ಕಿಸೆಗೆ ಹೋಗುತ್ತದೆ. ಇದಕ್ಕೆ ಎರಡು ಕಾರಣ. ಒಂದು, ಬಿಟ್ಟ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ನಿಶ್ಚಯವಾಗಿರುವುದಿಲ್ಲ. ಖಾಲಿ ಬಿಟ್ಟ ಹೊಲದಲ್ಲಿ ಕಸವೇ ಬೆಳೆಯುತ್ತದೆ. ಎರಡು, ಒಬ್ಬರೇ ಬಿಟ್ಟರೆ ಮಾತಾಡಲು ಇನ್ನೊಬ್ಬರು ಸಿಗುವುದಿಲ್ಲ. ತಾನು ಮೊಬೈಲು ಇಟ್ಟು ತಲೆ ಎತ್ತಿ ನೋಡಿದರೆ ಉಳಿದವರದೆಲ್ಲ ತಲೆ ತಗ್ಗಿರುತ್ತದೆ! ಆದುದರಿಂದ ಇದು ಒಬ್ಬೊಬ್ಬರ ಕೆಲಸವಲ್ಲ, ಊರಿನ ಕೆಲಸ.

ಊರು ಕೂಡಿ ಇದನ್ನು ಮಾಡಿದ ಉದಾಹರಣೆ ನೆರೆಯ ಮಹಾರಾಷ್ಟ್ರದಲ್ಲಿದೆ. ಸಾಂಗಲಿ ಜಿಲ್ಲೆ ನಮ್ಮ ರಾಜ್ಯಕ್ಕೆ ಹತ್ತಿದ ಗಡಿ ಜಿಲ್ಲೆ. ಅದರ ಕಡೇಗಾಂವ ತಾಲೂಕಿನಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ, ಸುಮಾರು ಮೂರು ಸಾವಿರ ಜನವಸತಿಯ, ಕಬ್ಬು ಬೆಳೆಯುವ ಊರಿದೆ. ಕೊರೋನಾ ಮುಗಿದು ಸಾಲಿ ಸುರುವಾದ ಮೇಲೆ ಮಕ್ಕಳ ಲಕ್ಷ್ಯ ಪಾಠದ ಮೇಲೆ ನಿಲ್ಲುತ್ತಿಲ್ಲವೆಂದು ಅಲ್ಲಿನ ಗುರುಗಳು ಕಂಡುಕೊಂಡರು. 2022ರ ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನಾಚರಣೆಯ ದಿವಸ, ಸರಪಂಚ ವಿಜಯ ಮೋಹಿತೆಯವರು ಊರಿನ ಹೆಣ್ಣುಮಕ್ಕಳ ಸಭೆ ಕರೆದರು. ದಿನಾ ಸಂಜೆ ಏಳಕ್ಕೆ ಗುಡಿಯಿಂದ ಸೈರನ್ ಕೂಗಬೇಕು, ಆಗ ಮನೆಮನೆಯಲ್ಲಿ ಟಿ.ವಿ., ಮೊಬೈಲು ಬಂದ್, ಎಂಟೂವರೆಗೆ ಮತ್ತೆ ಸೈರನ್ ಆದ ಮೇಲೆ ಬೇಕಾದವರು ಹಚ್ಚಬಹುದು ಎಂದು ಠರಾವಾಯಿತು. ಆ ಒಂದೂವರೆ ತಾಸಿನಲ್ಲಿ ಮಕ್ಕಳು ಓದಬೇಕು, ದೊಡ್ಡವರು ಓದಬೇಕು ಇಲ್ಲವೆ ಕೂತು ಮಾತಾಡಬೇಕು.

ಮೊದಲಿಗೆ ಗಂಡಸರು ನಕ್ಕರು. ಸೈರನ್ನಿಂದ ಮೊಬೈಲು ಬಂದಾಗುತ್ತದೇನು ಎಂದರು. ಆದರೆ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಪಂಚಾಯಿತಿ ನೌಕರರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ತಿಳಿಹೇಳಿದರು. ಮೆಲ್ಲಗೆ ಊರು ಒಪ್ಪಿಕೊಂಡಿತು. ಇಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಸೈರನ್ನಿನ ಸದ್ದು ಯಾರ ಕೈಯಿಂದಲೂ ಮೊಬೈಲು ಕಸಿಯಲಾರದು. ಏಳು ಗಂಟೆಗೆ ನೆರೆಮನೆಯವರೂ ಇಟ್ಟಿದ್ದಾರೆ ಎಂಬ ನಂಬಿಕೆಯೇ ಕೆಲಸ ಮಾಡಿತು. ತಾನು ಕಂತು ಕಟ್ಟಿದರೆ ಇತರರೂ ಕಟ್ಟುತ್ತಾರೆ ಎಂಬ ನಂಬಿಕೆಯ ಮೇಲೆಯೇ ಅಲ್ಲವೆ ನಮ್ಮ ಸಂಘ 25 ವರ್ಷ ನಿಂತದ್ದು?

ಈಗ ಮುಖ್ಯ ಪ್ರಶ್ನೆ. ಮೊಬೈಲು ಇಟ್ಟ ಮೇಲೆ ಏನು ಮಾಡ್ಲಿಕ್ಕೆ ಬೇಕ್ರಿ? ಮನಸ್ಸು ತುಂಬುವ ಕೆಲಸಕ್ಕೆ ಮೂರು ಗುಣ ಇರುತ್ತವೆಂದು ನಮ್ಮ ತಿಳುವಳಿಕೆ. ಕೈಗೆ ಕೆಲಸ ಇರಬೇಕು, ಅದಕ್ಕೆ ಒಂದು ಕೊನೆ ಇರಬೇಕು, ಮಗ್ಗುಲಿಗೆ ಒಬ್ಬರು ಇರಬೇಕು. ನಮ್ಮ ಬೀದರದ ಬಿದರಿ ಕೆಲಸ ನೋಡಿರಿ. ಸತುವು ತಾಮ್ರ ಕೂಡಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂಡಿಸುವ ಕುಶಲಕರ್ಮಿಯ ಲಕ್ಷ್ಯ ಅತ್ತಿತ್ತ ಸರಿಯುವುದಿಲ್ಲ. ಕೊನೆಗೆ ಕೋಟೆಯ ಮಣ್ಣಿನ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗಿ, ಬೆಳ್ಳಿ ಹೊಳೆದು ನಿಲ್ಲುತ್ತದೆ. ದಿನದ ಕೊನೆಗೆ, ಇದು ನನ್ನ ಕೈಯಿಂದ ಆದದ್ದು ಎಂದು ತೋರಿಸಲು ಒಂದು ವಸ್ತು ಇರುತ್ತದೆ. ಮೂರು ತಾಸು ರೀಲ್ಸು ನೋಡಿದವರು ಏನು ತೋರಿಸಬಲ್ಲರು?

ನಾವೆಲ್ಲ ಬಿದರಿ ಕೆಲಸದವರಾಗಬೇಕಿಲ್ಲ. ಮನೆಯಲ್ಲೇ ಬೇಕಾದಷ್ಟಿದೆ. ಹಳೆಯ ಸೀರೆ, ಧೋತರದ ತುಂಡು ಕೂಡಿಸಿ ಕೌದಿ ಹೊಲಿಯುವ ಕಲೆ ಇನ್ನೂ ನಮ್ಮ ತಾಯಂದಿರ ಬೆರಳಲ್ಲಿದೆ. ನಾಲ್ಕು ಮಂದಿ ಕೂತು ಹೊಲಿದರೆ ಮಾತಿಗೆ ಮಾತು ಆಗುತ್ತದೆ, ಚಳಿಗಾಲಕ್ಕೆ ಕೌದಿಯೂ ಆಗುತ್ತದೆ. ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಮಡಿ ಮಾಡಿ ಬದನೆ, ಮೆಣಸಿನಕಾಯಿ, ಮೆಂತ್ಯ, ಪುಂಡಿಪಲ್ಲೆ ಹಾಕಿದರೆ ಮಕ್ಕಳಿಗೆ ದಿನಾ ಸಂಜೆ ನೋಡಲು ಒಂದು ಜೀವಂತ ವಿಡಿಯೊ ಸಿಕ್ಕಂತೆ. ಅದು ನಿಧಾನ ಬೆಳೆಯುತ್ತದೆ, ಆದರೆ ಕೊನೆಗೆ ತಾಟಿಗೆ ಬರುತ್ತದೆ. ಮುಂದಿನ ಬಿತ್ತನೆಯ ಬೀಜ ಆರಿಸುವುದು, ಹಗ್ಗ ಹೊಸೆಯುವುದು, ಕೆಟ್ಟ ಕುಂಟೆಯ ಹಿಡಿ ಸರಿಮಾಡುವುದು, ಇವನ್ನು ಮಗನನ್ನು ಮಗ್ಗುಲಿಗೆ ಕೂರಿಸಿಕೊಂಡು ಮಾಡಿದರೆ ಅದೇ ಅವನಿಗೆ ಪಾಠ.

ಓದುವುದು ಇನ್ನೊಂದು. ನಮ್ಮ ಭಾಗದಲ್ಲಿ ಕನ್ನಡ ಓದುವುದು ಒಂದು ಕಾಲಕ್ಕೆ ಎಷ್ಟು ಕಷ್ಟವಿತ್ತೆಂಬುದನ್ನು ಹೊಸ ತಲೆಮಾರಿಗೆ ಹೇಳಬೇಕು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅವರು ಅಷ್ಟು ಕಷ್ಟದಿಂದ ಉಳಿಸಿಕೊಟ್ಟ ಅಕ್ಷರ ಇಂದು ಯಾರ ಭಯವೂ ಇಲ್ಲದೆ ನಮ್ಮ ಕೈಯಲ್ಲಿದೆ, ನಾವು ಅದನ್ನು ತೆರೆದು ನೋಡುವುದಿಲ್ಲ. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಮಕ್ಕಳನ್ನು ಅಲ್ಲಿಗೆ ಸೆಳೆಯಲು 2020ರ ನವೆಂಬರಿನಲ್ಲಿ ಸರಕಾರ 'ಓದುವ ಬೆಳಕು' ಎಂಬ ಕಾರ್ಯಕ್ರಮವನ್ನೂ ಸುರು ಮಾಡಿತು. ಎಲ್ಲರಿಗೂ ಓದಲು ಬರಬೇಕೆಂದಿಲ್ಲ. ಮನೆಯಲ್ಲಿ ಒಬ್ಬ ಹುಡುಗಿ ಪೇಪರನ್ನೋ ಕಥೆ ಪುಸ್ತಕವನ್ನೋ ಗಟ್ಟಿಯಾಗಿ ಓದಿದರೆ ಆಯಿ ಮುತ್ಯಾ ಕೇಳುತ್ತಾರೆ, ನಡುವೆ ತಮ್ಮ ಮಾತು ಕೂಡಿಸುತ್ತಾರೆ. ಅವರು ಹೇಳಿದ ಊರಿನ ಹಳೆಯ ಸಂಗತಿಗಳನ್ನು ಅದೇ ಹುಡುಗಿ ಒಂದು ವಹಿಯಲ್ಲಿ ಬರೆದಿಟ್ಟರೆ, ಸಂಘದ ಸುವರ್ಣ ಮಹೋತ್ಸವದ ಸಂಚಿಕೆಗೆ ಈಗಿನಿಂದಲೇ ಸಾಮಗ್ರಿ ಸಿದ್ಧವಾಗುತ್ತದೆ.

ಹಾಡು, ಆಟಗಳನ್ನೂ ಮರೆಯಬಾರದು. ಭಜನೆ, ತತ್ವಪದ, ಕೋಲಾಟ, ಹೆಣ್ಣುಮಕ್ಕಳ ಬುಲಾಯಿ ಪದ, ಮೊಹರಂ ಪದ, ಇವೆಲ್ಲ ನಮ್ಮ ನೆಲದವು. ಹುಡುಗರಿಗೆ ಕಬಡ್ಡಿ ಇದೆ, ಖೊಖೊ ಇದೆ. ಇನ್ನು ಮಾತು. ಹನ್ನೆರಡನೆಯ ಶತಮಾನದಲ್ಲಿ ನಮ್ಮದೇ ಜಿಲ್ಲೆಯ ಕಲ್ಯಾಣದಲ್ಲಿ ಅಂಬಿಗರು, ಮಡಿವಾಳರು, ಚಮ್ಮಾರರು, ಹೆಣ್ಣುಮಕ್ಕಳು ಎಲ್ಲರೂ ಕೂಡಿ ಕೂತು ಅನುಭವದ ಮಾತಾಡಿದರೆಂದು ನಾವು ಹೆಮ್ಮೆ ಪಡುತ್ತೇವೆ. ಆ ನೆಲದವರು ಮನೆಯೊಳಗೆ ನಾಲ್ಕು ಮಂದಿ ಕೂತು ಅರ್ಧ ತಾಸು ಮಾತಾಡಲಾರದಷ್ಟು ಬಡವರಾಗಬಾರದು.

ಇದೆಲ್ಲ ನಮ್ಮಿಂದಾಗುತ್ತದೆಯೇ ಎಂಬ ಸಂಶಯವಿದ್ದರೆ ಎಳ್ಳ ಅಮಾಸಿಯ ದಿನ ನೆನೆಸಿಕೊಳ್ಳಿರಿ. ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಚರಗ ಚೆಲ್ಲಿ, ಭಜ್ಜಿ, ರೊಟ್ಟಿ, ಅಂಬಲಿ ಉಂಡು, ಗಿಡದ ನೆರಳಿಗೆ ಕೂತವರಿಗೆ ಹೊತ್ತು ಮುಳುಗಿದ್ದು ತಿಳಿಯುವುದಿಲ್ಲ. ಒಂದೆರಡು ಸೆಲ್ಫಿ ಹೊಡೆಯುತ್ತಾರೆ, ಆಮೇಲೆ ಮೊಬೈಲು ಬುಟ್ಟಿಯಲ್ಲೇ ಉಳಿಯುತ್ತದೆ. ಉಣ್ಣುವುದು, ಮಾತು, ಮಂದಿ ಇದ್ದ ಕಡೆ ಅದರ ನೆನಪು ಬರುವುದಿಲ್ಲ.

ಇಲ್ಲಿ ತಾಯಂದಿರ ಪರವಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಬೆಳಿಗ್ಗೆ ಐದಕ್ಕೆ ಎದ್ದು, ಕಸ ಮುಸುರೆ, ರೊಟ್ಟಿ, ಹೊಲ, ದನ, ಮತ್ತೆ ರೊಟ್ಟಿ ಮಾಡಿ ರಾತ್ರಿ ಹತ್ತಕ್ಕೆ ಬೆನ್ನು ನೆಲಕ್ಕೆ ಹಚ್ಚುವ ಹೆಣ್ಣುಮಗಳು ಹತ್ತು ನಿಮಿಷ ಮೊಬೈಲು ನೋಡಿದರೆ, ಅದು ಆಕೆಯ ಪಾಲಿನ ಏಕೈಕ ವಿಶ್ರಾಂತಿ. ಅದನ್ನೂ ಬಿಡು, ಕೌದಿ ಹೊಲಿ ಎಂದರೆ ಕೆಲಸದ ಮೇಲೆ ಕೆಲಸ ಹೇರಿದಂತಾಗುತ್ತದೆ. ಆದ್ದರಿಂದ ಗಂಡಸರು ಮೊಬೈಲಿನಿಂದ ಉಳಿಸಿದ ಮೊದಲ ಅರ್ಧ ತಾಸನ್ನು ಮನೆಗೆಲಸದಲ್ಲಿ ಕೈಗೂಡಿಸಲು ಕೊಡಬೇಕು. ನೀರು ತುಂಬಿರಿ, ತಾಟು ತೊಳೆಯಿರಿ, ಮಗುವಿಗೆ ಉಣಿಸಿರಿ. ಆಗ ಆಕೆಗೂ ಕೂತು ಮಾತಾಡುವ ಪುರಸತ್ತು ಸಿಗುತ್ತದೆ. ಇದನ್ನು ಬಿಟ್ಟು ಮಾಡುವ ಯಾವ ಸುಧಾರಣೆಯೂ ಅರ್ಧ ಸುಧಾರಣೆಯೇ.

ಮಕ್ಕಳ ಮಾತು ಇನ್ನೂ ನಾಜೂಕು. ಅಳುವ ಕೂಸಿನ ಕೈಗೆ ಮೊಬೈಲು ಕೊಟ್ಟು ತುತ್ತು ತಿನ್ನಿಸುವುದು ಈಗ ಮನೆಮನೆಯ ರೂಢಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಸಲ್ಲದು, ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಮಕ್ಕಳು ನಾವು ಹೇಳಿದ್ದನ್ನು ಕೇಳುವುದಿಲ್ಲ, ಮಾಡಿದ್ದನ್ನು ನೋಡುತ್ತಾರೆ. ತಂದೆ ರೀಲ್ಸು ನೋಡುತ್ತ "ಓದಪ್ಪಾ, ಪರೀಕ್ಷೆ ಬಂತು" ಎಂದರೆ ಯಾವ ಮಗ ಓದ್ತಾನ್ರಿ?

ಕೆಲವರಿಗೆ ಈ ಚಟ ಕೈಮೀರಿ ಹೋಗಿರುತ್ತದೆ. ನಿದ್ದೆ ಇಲ್ಲ, ಊಟ ಬೇಡ, ಮೊಬೈಲು ಕಸಿದರೆ ಸಿಟ್ಟು, ಹೊಡೆದಾಟ. ಅಂಥವರನ್ನು ನಾಲ್ಕು ಮಂದಿಯೆದುರು ಹಂಗಿಸಬಾರದು. ಅದಕ್ಕೂ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ 2014ರಲ್ಲಿಯೇ 'ಶಟ್' ಎಂಬ ಹೆಸರಿನ ಚಿಕಿತ್ಸಾಲಯವನ್ನು ಇದಕ್ಕೆಂದೇ ತೆರೆಯಿತು. ದೂರ ಹೋಗಲಾಗದವರು 14416 ನಂಬರಿಗೆ ಫೋನು ಮಾಡಿದರೆ ಸರಕಾರದ ಟೆಲಿ ಮಾನಸ್ ಸೇವೆಯಲ್ಲಿ ಪುಕ್ಕಟೆ ಸಲಹೆ ಸಿಗುತ್ತದೆ. ನೋಡಿರಿ, ಇಲ್ಲಿಯೂ ಮೊಬೈಲೇ ಉಪಯೋಗಕ್ಕೆ ಬಂತು.

ಇಷ್ಟೆಲ್ಲ ಹೇಳಿದ ಮೇಲೆ ಸಂಘದ ಮುಂದೆ ಒಂದು ಸೂಚನೆ ಇಡುತ್ತೇವೆ. ಷೇರು ಕೂಡಿಸಿದಂತೆ ಹೊತ್ತು ಕೂಡಿಸೋಣ. ಮೊದಲಿಗೇ ದಿನಾ ಬೇಡ. ವಾರಕ್ಕೆ ಎರಡು ಸಂಜೆ, ಸೋಮವಾರ ಮತ್ತು ಗುರುವಾರ, ಏಳೂವರೆಯಿಂದ ಎಂಟೂವರೆಯವರೆಗೆ ಒಂದು ತಾಸು. ಒಪ್ಪಿದ ಮನೆಗಳು ಸಂಘದ ವಹಿಯಲ್ಲಿ ಹೆಸರು ಬರೆಸಲಿ. ಆ ಹೊತ್ತಿಗೆ ಮನೆಯ ಮೊಬೈಲುಗಳೆಲ್ಲ ಗೂಡಿನಲ್ಲೋ ಬುಟ್ಟಿಯಲ್ಲೋ ಇರಲಿ. ಗಂಟೆ ಬಂದ್ ಮಾಡಬೇಕಿಲ್ಲ, ಪರ ಊರಿನಿಂದ ಫೋನು ಬಂದರೆ ಎತ್ತಿ ಮಾತಾಡಿ ಮತ್ತೆ ಇಡಬೇಕು. ಆ ತಾಸಿನಲ್ಲಿ ಏನು ಮಾಡಬೇಕೆಂಬುದನ್ನು ಹಿಂದಿನ ದಿನವೇ ಮನೆಮಂದಿ ನಿಶ್ಚಯಿಸಲಿ. ದಂಡ ಬೇಡ, ಜುಲ್ಮಿ ಬೇಡ, ಯಾರ ಮನೆಯೊಳಗೂ ಇಣುಕಿ ನೋಡುವುದು ಬೇಡ. ಮೂರು ತಿಂಗಳಾದ ಮೇಲೆ ಕೂಡಿ ಕೂತು, ಏನು ನಡೆಯಿತು, ಏನು ನಡೆಯಲಿಲ್ಲ ಎಂದು ಚರ್ಚಿಸೋಣ. ಸರಿಬಂದರೆ ವಾರ್ಷಿಕ ಮಹಾಸಭೆಯಲ್ಲಿ ಠರಾವು ಮಾಡೋಣ. ಸಂಘದ ಸಭೆಗಳಲ್ಲಂತೂ ಇಂದಿನಿಂದಲೇ ಬಾಗಿಲ ಬಳಿ ಒಂದು ಬುಟ್ಟಿ ಇಡಬಹುದು.

ಜೊತೆಗೆ ಮನೆಯಲ್ಲಿ ಮಾಡಬಹುದಾದ ನಾಲ್ಕು ಸಣ್ಣ ಕೆಲಸ. ಒಂದು, ಮಲಗುವ ಕಡೆ ಮೊಬೈಲು ಚಾರ್ಜಿಗೆ ಹಚ್ಚಬೇಡಿರಿ. ಏಳಲು ಒಂದು ಅಲಾರಾಂ ಗಡಿಯಾರ ತನ್ನಿರಿ. ಎರಡು, ಫೋನು ಮತ್ತು ಮೆಸೇಜು ಬಿಟ್ಟು ಉಳಿದ ಆ್ಯಪುಗಳು ಟಿಣ್ ಟಿಣ್ ಎಂದು ಕರೆಯುವುದನ್ನು ಬಂದ್ ಮಾಡಿರಿ. ಮೂರು, ಮೊಬೈಲಿನ ಸೆಟ್ಟಿಂಗಿನಲ್ಲಿ ದಿನಕ್ಕೆ ಎಷ್ಟು ತಾಸು ನೋಡಿದಿರಿ ಎಂಬ ಲೆಕ್ಕ ಸಿಗುತ್ತದೆ. ಗೊತ್ತಿಲ್ಲದವರು ಮಕ್ಕಳಿಂದ ತೆಗೆಸಿ, ವಾರಕ್ಕೊಮ್ಮೆ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಬರೆದ ಲೆಕ್ಕ ಮನುಷ್ಯನನ್ನು ತಿದ್ದುತ್ತದೆ, ಇದು ಸಂಘದ ಅನುಭವ. ನಾಲ್ಕು, ಉಣ್ಣುವಾಗ ಯಾರ ಕೈಯಲ್ಲೂ ಮೊಬೈಲು ಬೇಡ.

ಸದಸ್ಯ ಬಂಧುಗಳೇ, ನಮ್ಮ ಮೈಲೂರ ಬೀದರ ಪಟ್ಟಣದ ಮಗ್ಗುಲಿನ ಊರು. ಪಟ್ಟಣದ ಒಳ್ಳೆಯದೂ ಕೆಟ್ಟದ್ದೂ ನಮಗೇ ಮೊದಲು ಬಂದು ಮುಟ್ಟುತ್ತದೆ. ಹಾಗಿದ್ದ ಮೇಲೆ ಇದಕ್ಕೆ ಔಷಧಿಯೂ ನಮ್ಮಲ್ಲೇ ಮೊದಲು ಹುಟ್ಟಿ ಭಾಲ್ಕಿ, ಔರಾದ ಕಡೆಗಿನ ಹಳ್ಳಿಗಳಿಗೂ ಹೋಗಲಿ. ರೊಕ್ಕ ಹೋದರೆ ಮುಂದಿನ ರಾಶಿಗೆ ಬಂದೀತು, ಸಂಘ ಸಾಲ ಕೊಟ್ಟೀತು. ಹೊತ್ತನ್ನು ಸಾಲ ಕೊಡುವ ಬ್ಯಾಂಕು ಎಲ್ಲಿಯೂ ಇಲ್ಲ. ಹನಿಹನಿ ಕೂಡಿದರೆ ಹಳ್ಳ ಎಂಬ ಮಾತಿನ ಮೇಲೆ ಈ ಸಂಘ ಕಟ್ಟಿದ ಹಿರಿಯರು ಇಂದು ಕೆಲವರು ನಮ್ಮ ನಡುವೆ ಇಲ್ಲ, ಕೆಲವರು ಈ ಸಭೆಯಲ್ಲೇ ಕೂತಿದ್ದಾರೆ. ಸಭೆ ಮುಗಿದ ಮೇಲೆ ಅವರ ಹತ್ತಿರ ಹೋಗಿ, ಈ ಸಂಘ ಹೇಗೆ ಸುರುವಾಯಿತು ಕಾಕಾ ಎಂದು ಕೇಳಿರಿ. ಕಿಸೆಯೊಳಗಿನದು ಕಿಸೆಯೊಳಗೇ ಇರಲಿ, ಅವರು ಹೇಳುವುದನ್ನು ಪೂರಾ ಕೇಳಿರಿ.



ಜೈ ಸಹಕಾರ, ಜೈ ಕರ್ನಾಟಕ.